ಕಿರುಪ್ರಮಾಣದ ನಾಲ್ಟ್ರೆಕ್ಸೋನ್: ಪುರಾವೆ ಮತ್ತು ಅಳತೆಯ ಪ್ರಶ್ನೆ

1984ರಲ್ಲಿ ಅಮೆರಿಕವು ಅಫೀಮು ವರ್ಗದ (ಓಪಿಯಾಯ್ಡ್) ಮದ್ದುಗಳ ವ್ಯಸನಕ್ಕೆ ನಾಲ್ಟ್ರೆಕ್ಸೋನ್ ಮಾತ್ರೆಯನ್ನು ಒಪ್ಪಿತ್ತು. 1994ರಲ್ಲಿ ಮದ್ಯವ್ಯಸನಕ್ಕೂ ಒಪ್ಪಿತು. ಈ ವ್ಯಸನಗಳಿಗೆ ವಾಡಿಕೆಯ ಪ್ರಮಾಣ ದಿನಕ್ಕೆ 50 ಮಿ.ಗ್ರಾಂ. ಇದೇ ಔಷಧವನ್ನು 1.5ರಿಂದ 4.5 ಮಿ.ಗ್ರಾಂ.ನಷ್ಟು ಕೊಟ್ಟು ದೀರ್ಘಕಾಲದ ನೋವು, ಉರಿಯೂತಗಳನ್ನು ತಗ್ಗಿಸಬಹುದೇ? ಈವರೆಗಿನ ಪುರಾವೆ ದೊಡ್ಡ ಪ್ರಯೋಗಕ್ಕೆ ಸಾಕು, ಭರವಸೆಯ ಮಾತಿಗೆ ಸಾಲದು ಎಂಬುದು ಈ ಲೇಖನದ ವಾದ.

ಕ್ರಿಯೆ

ಪೂರ್ಣ ಪ್ರಮಾಣವು ಓಪಿಯಾಯ್ಡ್ ಗ್ರಾಹಕಗಳನ್ನು ದಿನವಿಡೀ ತಡೆಯುತ್ತದೆ. ರಾತ್ರಿ ತೆಗೆದುಕೊಂಡ ಕಿರುಪ್ರಮಾಣದ ತಡೆ ಕೆಲವು ಗಂಟೆಗಳಲ್ಲಿ ಸಡಿಲಗೊಂಡು, ಆಮೇಲೆ ದೇಹವು ತನ್ನದೇ ಎಂಡಾರ್ಫಿನ್‌ಗಳನ್ನು ಹೆಚ್ಚಿಸುತ್ತದೆ ಎಂಬುದು ಒಂದು ಊಹೆ. ಮೆದುಳಿನ ಮೈಕ್ರೋಗ್ಲಿಯಾ ಕೋಶಗಳ ಟಿಎಲ್‌ಆರ್-4 ಗ್ರಾಹಕವನ್ನು ತಡೆದು ಉರಿಯೂತವನ್ನು ಇಳಿಸುತ್ತದೆ ಎಂಬುದು ಇನ್ನೊಂದು.

ಪುರಾವೆ

ನ್ಯೂಯಾರ್ಕಿನ ಬರ್ನಾರ್ಡ್ ಬಿಹಾರಿ 1980ರ ದಶಕದಲ್ಲಿ ಏಡ್ಸ್ ರೋಗಿಗಳಿಗೆ ಕಿರುಪ್ರಮಾಣ ಕೊಟ್ಟು ನೋಡಿದ್ದರು. ಸ್ಟ್ಯಾನ್‌ಫರ್ಡಿನ 2013ರ ಅಧ್ಯಯನದಲ್ಲಿ ಮೈತುಂಬ ನೋವಿನ ಕಾಯಿಲೆಯಾದ ಫೈಬ್ರೊಮಯಾಲ್ಜಿಯಾದ 31 ಮಹಿಳೆಯರಿದ್ದರು. ನೋವು ಔಷಧದಿಂದ ಶೇ. 28.8, ಹುಸಿಮಾತ್ರೆಯಿಂದ ಶೇ. 18 ಇಳಿಯಿತು. 2024ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಪ್ರಯೋಗ ಅದೇ ಕಾಯಿಲೆಯ 99 ಮಹಿಳೆಯರಲ್ಲಿ 12 ವಾರ, ತುಸು ಹೆಚ್ಚಿನ 6 ಮಿ.ಗ್ರಾಂ. ಪ್ರಮಾಣವನ್ನು ಪರೀಕ್ಷಿಸಿತು. ನೋವಿನಲ್ಲಿ ಹುಸಿಮಾತ್ರೆಗಿಂತ ಗಣನೀಯ ಮೇಲುಗೈ ಕಾಣಲಿಲ್ಲ. ನೆನಪಿನ ತೊಂದರೆ ತಗ್ಗಿದ ಸೂಚನೆಯಷ್ಟೇ ಸಿಕ್ಕಿತು. ಕರುಳಿನ ಉರಿಯೂತವಾದ ಕ್ರೋನ್ಸ್ ಕಾಯಿಲೆಯಲ್ಲಿ ಪುರಾವೆ ಸಾಲದೆಂದು 2018ರ ಕಾಕ್ರೇನ್ ಸಮೀಕ್ಷೆ ಹೇಳಿತು.

ಅಳತೆ

ನಮ್ಮಲ್ಲಿ ವ್ಯಸನ ಚಿಕಿತ್ಸೆಗೆ ಸಿಗುವುದು 50 ಮಿ.ಗ್ರಾಂ. ಮಾತ್ರೆ. ಅದನ್ನು 50 ಮಿ.ಲೀ. ನೀರಿನಲ್ಲಿ ಕರಗಿಸಿ, ಸಿರಿಂಜಿನಿಂದ 1 ಮಿ.ಲೀ. ಎಳೆದರೆ 1 ಮಿ.ಗ್ರಾಂ. ಎಂಬ ಲೆಕ್ಕ ಪ್ರಚಲಿತ. ಔಷಧ ನೀರಿನಲ್ಲಿ ಕರಗುತ್ತದೆ, ಮಾತ್ರೆಯ ಪೂರಕ ಪುಡಿ ತಳಕ್ಕೆ ಕೂರುತ್ತದೆ. ಆದರೆ ಮನೆಯಲ್ಲಿ ಬೆರೆಸಿದ ದ್ರಾವಣದ ಬಾಳಿಕೆ ಖಚಿತವಲ್ಲ. ಟ್ರಮಡಾಲ್‌ನಂಥ ಓಪಿಯಾಯ್ಡ್ ನೋವುನಿವಾರಕ ಸೇವಿಸುತ್ತಿರುವವರಿಗೆ ಇದು ಅಪಾಯ: ಆ ಮದ್ದು ನಾಟದೆ ಹೋಗಬಹುದು, ಹಠಾತ್ತನೆ ಹಿಂತೆಗೆತದ ಲಕ್ಷಣಗಳೂ ಏಳಬಹುದು. ಹಾಗಾಗಿ ವೈದ್ಯರ ಸಲಹೆಯಿಲ್ಲದೆ ಇದಕ್ಕೆ ಕೈಹಾಕಬಾರದು.

ಮುಂದಿನ ದಾರಿ

ಭಾರತದ 2019ರ ಹೊಸ ಔಷಧ ನಿಯಮಗಳ ಪ್ರಕಾರ, ಒಪ್ಪಿತ ಔಷಧವನ್ನೂ ಹೊಸ ಕಾಯಿಲೆಗೆ, ಹೊಸ ಪ್ರಮಾಣದಲ್ಲಿ ಮಾರಬೇಕಾದರೆ ಹೊಸ ಔಷಧವೆಂದೇ ಪರಿಗಣಿಸಬೇಕು. ಪೇಟೆಂಟ್ ಮುಗಿದ ಅಗ್ಗದ ಮಾತ್ರೆಗೆ ಅದಕ್ಕೆ ಬೇಕಾದ ಪ್ರಯೋಗಗಳ ಖರ್ಚು ಮಾಡಲು ಕಂಪನಿಗಳಿಗೆ ಲಾಭದ ಕಾರಣವಿಲ್ಲ. ಆ ಹೊಣೆ ಸಾರ್ವಜನಿಕ ಸಂಸ್ಥೆಗಳದ್ದು. ವ್ಯಸನ ಚಿಕಿತ್ಸೆಯಲ್ಲೂ ನರರೋಗದಲ್ಲೂ ಅನುಭವವುಳ್ಳ ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ತಕ್ಕ ತಾಣ. ಪ್ರಮಾಣೀಕೃತ ಕಿರುಪ್ರಮಾಣದ ಗುಳಿಗೆ ಮೊದಲು ತಯಾರಾಗಲಿ. ಹುಸಿಮಾತ್ರೆಯೊಂದಿಗೆ ಹೋಲಿಸುವ, ನೋವು ಮತ್ತು ನೆನಪು ಎರಡನ್ನೂ ಅಳೆಯುವ ಪ್ರಯೋಗ ಅದರ ಬೆನ್ನಿಗೇ ನಡೆಯಲಿ. ವರ್ಷಗಟ್ಟಲೆ ನೋವುಂಡವರಿಗೆ ಅಷ್ಟು ಖಚಿತ ಉತ್ತರ ಕೊಡುವುದು ನಮ್ಮ ವೈದ್ಯವಿಜ್ಞಾನದ ಕರ್ತವ್ಯ.