ಚರ್ಚ್ ಗೇಟಿನಾಚೆ ನಮ್ಮ ಯುವಜನ ಸಂಘ

ಹಾಸನ ಜಿಲ್ಲೆಯ ಕ್ರೈಸ್ತರು ಸ್ಮರಣ ಸಂಚಿಕೆ ತಂದರೆ ಅದರಲ್ಲಿ ಶೆಟ್ಟಿಹಳ್ಳಿಯ ರೋಜರಿ ಚರ್ಚಿನ ಫೋಟೋ ಬಂದೇ ಬರುತ್ತದೆ. ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಆ ಚರ್ಚು, ಗೊರೂರು ಅಣೆಕಟ್ಟೆ ಕಟ್ಟಿದ ಮೇಲೆ ಹೇಮಾವತಿ ಹಿನ್ನೀರಿನ ಪಾಲಾಯಿತು. ಮಳೆಗಾಲದಲ್ಲಿ ಮುಕ್ಕಾಲು ಮುಳುಗುತ್ತದೆ, ಬೇಸಿಗೆಯಲ್ಲಿ ನೆಲ ಕಾಣುತ್ತದೆ. ಊರಿನವರು ಬೇರೆ ಕಡೆ ಹೋಗಿ ಹೊಸದಾಗಿ ಮನೆ ಕಟ್ಟಿಕೊಂಡರು. ಫೋಟೋ ಚೆನ್ನಾಗಿಯೇ ಇರುತ್ತದೆ. ಆದರೆ ಹಾಗೆ ಎದ್ದುಹೋದ ಮನೆಗಳ ಮಕ್ಕಳು ಮುಂದೆ ಎಲ್ಲಿ ಓದಿದರು, ಅವರ ಶಾಲೆಯ ಆಟೋಟಕ್ಕೆ ಯಾರು ಹೋದರು ಎಂಬುದನ್ನು ನಾನು ಯಾವ ಸಂಚಿಕೆಯಲ್ಲೂ ಓದಿಲ್ಲ. ಕಟ್ಟಡದ ಚರಿತ್ರೆಗೆ ಶಿಲಾಫಲಕ ಇರುತ್ತದೆ. ಯುವಜನ ಸಂಘದ ಚರಿತ್ರೆಗೆ ಇರುವುದು ಹಾಜರಿ ಪುಸ್ತಕ ಮಾತ್ರ, ಅದರಲ್ಲಿ ಚರ್ಚಿನೊಳಗೆ ನಡೆದದ್ದಷ್ಟೇ ಇರುತ್ತದೆ.

ನಮ್ಮ ಸಾಲಗಾಮೆ ಕಡೆಯ ಮಕ್ಕಳಲ್ಲಿ ಬಹಳಷ್ಟು ಜನ ಓದಿಗೆ ಹಾಸನಕ್ಕೇ ಹೋಗಬೇಕು. ಅವರು ಪೇಟೆ ಸೇರುವ ದಾರಿಗೆ ಅಲ್ಲಿನವರು ನಮ್ಮೂರಿನ ಹೆಸರನ್ನೇ ಇಟ್ಟಿದ್ದಾರೆ, ಸಾಲಗಾಮೆ ರಸ್ತೆ. 1960ರಲ್ಲಿ ಶುರುವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇರುವುದೂ ಅದೇ ರಸ್ತೆಯಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದ ಹುಡುಗಿ ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆ ಮುಟ್ಟುತ್ತಾಳೆ. ನಡುವಿನ ಹೊತ್ತಲ್ಲಿ ಅವಳು ಎನ್‌ಎಸ್‌ಎಸ್ ಸ್ವಯಂಸೇವಕಿ, ಖೋಖೋ ಆಟಗಾರ್ತಿ, ಕನ್ನಡ ಭಾಷಣದಲ್ಲಿ ಬಹುಮಾನ ಗೆದ್ದವಳು. ನಮ್ಮ ಸಂಘಕ್ಕೆ ಅವಳು ಗೊತ್ತಿರುವುದು ಭಾನುವಾರದ ಪೂಜೆಯಲ್ಲಿ ಎರಡನೇ ವಾಚನ ಓದುವವಳಾಗಿ ಮಾತ್ರ.

ಚರ್ಚ್ ಗೇಟಿನಾಚೆ ಹೋಗುವ ವಿಷಯದಲ್ಲಿ ಹಿಂದಿನ ಕ್ರೈಸ್ತರು ನಮಗಿಂತ ಚುರುಕಾಗಿದ್ದರು ಅನ್ನಬೇಕು. ಇವತ್ತು ನಮ್ಮ ಹಳ್ಳಿಗಳಲ್ಲಿ ಎರಡು ಕಂಬ ನೆಟ್ಟು ಬಲೆ ಕಟ್ಟಿ ಆಡುವ ವಾಲಿಬಾಲ್ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಒಂದು ವೈಎಂಸಿಎಯಲ್ಲಿ, ಅಂದರೆ ಕ್ರೈಸ್ತ ಯುವಕರ ಸಂಘದಲ್ಲಿ. ಅದಕ್ಕೆ ನಾಲ್ಕು ವರ್ಷ ಮುಂಚೆ ಬಾಸ್ಕೆಟ್‌ಬಾಲ್ ಹುಟ್ಟಿದ್ದೂ ವೈಎಂಸಿಎಯವರ ತರಬೇತಿ ಶಾಲೆಯಲ್ಲೇ. 1920ರಲ್ಲಿ ಹ್ಯಾರಿ ಬಕ್ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಶಾಲೆ ತೆರೆದರು. ನಮ್ಮ ಶಾಲೆಗಳ ಪಿ.ಟಿ. ಮೇಷ್ಟ್ರ ಪರಂಪರೆಗೆ ಅಲ್ಲಿಂದ ದೊಡ್ಡ ಬಲ ಬಂತು. ಹೀಗೆ ಬಂದ ಆಟವನ್ನು ಆಡುವವನು ಯಾವ ಜಾತಿ, ಯಾವ ಮತ ಎಂದು ಇವತ್ತು ಬಲೆಯ ಹತ್ತಿರ ಯಾರೂ ಕೇಳುವುದಿಲ್ಲ.

ಕಥೋಲಿಕರಾದ ನಮಗೆ ಇನ್ನೂ ಹತ್ತಿರದ ಉದಾಹರಣೆ ಬೆಲ್ಜಿಯಂನ ಜೋಸೆಫ್ ಕಾರ್ಡೈನ್. ಜೊತೆಗೆ ಓದಿದ ಹುಡುಗರು ಕಾರ್ಖಾನೆ ಸೇರಿದ ಮೇಲೆ ಚರ್ಚಿನಿಂದ ದೂರವಾದದ್ದನ್ನು ಕಂಡ ಈ ಪಾದ್ರಿ, ಅವರನ್ನು ಚರ್ಚಿಗೆ ಕರೆಯುವ ಬದಲು ಅವರಿದ್ದಲ್ಲೇ ಚಿಕ್ಕ ಚಿಕ್ಕ ಗುಂಪು ಕಟ್ಟಿದರು. 1925ರಲ್ಲಿ ಅದು ಯುವ ಕಾರ್ಮಿಕರ ಚಳವಳಿಯಾಯಿತು, ಆಮೇಲೆ ವಿದ್ಯಾರ್ಥಿಗಳಿಗೂ ಬಂತು. ವೈಸಿಎಸ್ ಎಂದು ನಾವು ಕರೆಯುವುದು ಆ ವಿದ್ಯಾರ್ಥಿ ಚಳವಳಿಯನ್ನೇ. ನೋಡು, ವಿಚಾರ ಮಾಡು, ಕೆಲಸಕ್ಕೆ ಇಳಿ ಎಂಬುದು ಅವರ ಕ್ರಮ. ನಾವು ಮೊದಲನೆಯದನ್ನು ಬಿಟ್ಟು ನೇರವಾಗಿ ಬ್ಯಾನರ್ ಬರೆಸುವುದಕ್ಕೆ ಇಳಿಯುತ್ತೇವೆ.

ನೋಡಿದರೆ ಏನು ಕಾಣುತ್ತದೆ? ಒಂದು ವರ್ಷ ತಾಲ್ಲೂಕು ಮಟ್ಟದ ಖೋಖೋಗೆ ನಮ್ಮ ಇಬ್ಬರು ಹುಡುಗಿಯರು ಆಯ್ಕೆಯಾದರು. ಅದೇ ದಿನ ಸಂಘದ ವಿಚಾರ ಸಂಕಿರಣ. ಬರಲೇಬೇಕು ಎಂದು ಹಟ ಹಿಡಿದವರೂ ಇದ್ದರು. ಕೊನೆಗೆ ಮೂವರು ಅಕ್ಕಂದಿರು ಸಂಕಿರಣ ಬಿಟ್ಟು ಮೈದಾನಕ್ಕೆ ಹೋದರು. ಒಂದು ಚಿಪ್ಪು ಬಾಳೆಹಣ್ಣು, ಗ್ಲೂಕೋಸ್ ಪೊಟ್ಟಣ, ಮೊಣಕಾಲು ತರಚಿದರೆ ಹಚ್ಚಲು ಟಿಂಚರ್ ಮತ್ತು ಹತ್ತಿ. ಹುಡುಗಿಯರು ಸೋತರು. ಅವರ ಶಾಲೆಯ ಉಳಿದ ಮಕ್ಕಳೂ ಆ ಬಾಳೆಹಣ್ಣು ತಿಂದರು. ಮರುವಾರ ಆ ಇಬ್ಬರೂ ತಾವಾಗಿಯೇ ಗಾಯನ ತಂಡಕ್ಕೆ ಹೆಸರು ಕೊಟ್ಟರು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ, ಆಗಬೇಕೆಂದು ಹೋದವರೂ ಅಲ್ಲ.

ಆಟದಷ್ಟೇ ದೊಡ್ಡ ಕೆಲಸ ಕಾಗದಪತ್ರದ್ದು. ಅಲ್ಪಸಂಖ್ಯಾತರ ವಿದ್ಯಾರ್ಥಿವೇತನಕ್ಕೆ ಸರ್ಕಾರದ ಜಾಲತಾಣವಾದ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಬೇಕು. ಅದಕ್ಕೆ ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಎಲ್ಲ ಬೇಕು. ನಮ್ಮವರಿಗೆ ಇನ್ನೊಂದು ತೊಡಕಿದೆ. ಜ್ಞಾನಸ್ನಾನದಲ್ಲಿ ಒಂದು ಹೆಸರು, ಶಾಲೆಯಲ್ಲಿ ಅದರ ಮೊಟಕು ರೂಪ, ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿಸಿದ ಮೂರನೆಯದು. ಮೂರೂ ಹೊಂದದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಲ್ಯಾಪ್‌ಟಾಪ್ ಇರುವ ಇಬ್ಬರು ಸದಸ್ಯರು ಎರಡು ಶನಿವಾರ ಕೂತರೆ ಒಂದು ಧರ್ಮಕೇಂದ್ರದ ಮಕ್ಕಳ ಅರ್ಜಿಯೆಲ್ಲ ಮುಗಿಯುತ್ತದೆ. ಆ ಶನಿವಾರ ಪಕ್ಕದ ಬೀದಿಯ ಬೇರೆ ಮತದ ಹುಡುಗ ಬಂದರೆ ಅವನದ್ದೂ ತುಂಬಿಕೊಡಬೇಕು, ಚಹಾ ಕೊಟ್ಟು ಕಳಿಸಬೇಕು, ಪ್ರಾರ್ಥನೆಗೆ ಬಾ ಎನ್ನಬಾರದು. ಕ್ರೈಸ್ತರ ಸಹಾಯ ಎಂದರೆ ಹುಬ್ಬೇರಿಸುವ ಕಾಲ ಇದು. ಬೆಲೆ ಕಟ್ಟದ ಸಹಾಯ ಎಂದು ನಾಲ್ಕು ಜನರಿಗೆ ಗೊತ್ತಾಗುವುದು ನಡತೆಯಿಂದಲೇ.

ಇನ್ನು ಭಾನುವಾರದ ತಕರಾರು. ಎನ್‌ಎಸ್‌ಎಸ್‌ನ ಏಳು ದಿನದ ವಿಶೇಷ ಶಿಬಿರದಲ್ಲಿ ಒಂದು ಭಾನುವಾರ ಸೇರಿಯೇ ಸೇರುತ್ತದೆ. ನೀಟ್ ಪರೀಕ್ಷೆಯೂ ಸಾಮಾನ್ಯವಾಗಿ ಮೇ ತಿಂಗಳ ಭಾನುವಾರವೇ. ಪೂಜೆ ತಪ್ಪಿಸಿದ ಎಂದು ಹುಡುಗನನ್ನು ಗದರುವ ಹಿರಿಯರು ಶನಿವಾರ ಸಂಜೆಯ ಪೂಜೆ ಇಡಿಸಿಕೊಡಿ ಎಂದು ಫಾದರ್ ಅವರನ್ನು ಕೇಳಬಹುದಲ್ಲ? ಸಂಜೆಯ ಪೂಜೆಯೂ ಭಾನುವಾರದ್ದೇ ಲೆಕ್ಕ. ಶಿಬಿರ ಹೊಳೆನರಸೀಪುರದಲ್ಲೋ ಅರಕಲಗೂಡಿನಲ್ಲೋ ಇದ್ದರೆ ಅಲ್ಲಿ ಹತ್ತಿರ ಯಾವ ಚರ್ಚಿದೆ ಎಂದು ವಿಚಾರಿಸಿ ಹೇಳುವುದಕ್ಕೆ ಒಂದು ಫೋನು ಸಾಕು.

ನಮ್ಮ ಸಂಘದ ಈ ವರ್ಷದ ಆಯವ್ಯಯದಲ್ಲಿ ಗೋದಲಿ ಮತ್ತು ನಕ್ಷತ್ರದ ಖರ್ಚಿನ ಕೆಳಗೆ ಹೊಸ ಬಾಬ್ತು ಸೇರಿದೆ: ಕ್ರೀಡಾಕೂಟಕ್ಕೆ, ಪ್ರತಿಭಾ ಕಾರಂಜಿಗೆ ಹೋಗುವ ಮಕ್ಕಳ ಬಸ್ ಚಾರ್ಜು. ಹುಡುಗಿಯರಿಗೆ 2023ರ ಜೂನ್‌ನಿಂದ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಇರುವುದರಿಂದ ಹೆಚ್ಚಿನ ಖರ್ಚು ಹುಡುಗರದ್ದೇ. ಖಜಾಂಚಿಯವರು ರಸೀದಿ ಇಲ್ಲದೆ ದುಡ್ಡು ಕೊಡುವವರಲ್ಲ. ಬಸ್ ಟಿಕೆಟ್ಟನ್ನೇ ರಸೀದಿ ಎಂದು ಒಪ್ಪುವುದಾಗಿ ಹೋದ ತಿಂಗಳ ಸಭೆಯಲ್ಲಿ ನಡಾವಳಿ ಬರೆಸಿದ್ದೇವೆ.