ಶೀರ್ಷಿಕೆ ಗೀತೆಯೊಳಗಿನ ಚರಿತ್ರೆ: 1988ರ ಎರಡು ಧಾರಾವಾಹಿಗಳು

1988ರ ಅಕ್ಟೋಬರ್ 2ರಂದು ದೂರದರ್ಶನದಲ್ಲಿ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ ಶುರುವಾಯಿತು. ನವೆಂಬರಿನಲ್ಲಿ ಶ್ಯಾಮ್ ಬೆನೆಗಲ್ ಅವರ ‘ಭಾರತ್ ಏಕ್ ಖೋಜ್’ ಬಂತು. ಎರಡೂ ಕನ್ನಡಕ್ಕೆ ಡಬ್ ಆಗದೆ, ಹಿಂದಿಯಲ್ಲೇ ನಮ್ಮ ಮನೆಗಳನ್ನು ತಲುಪಿದವು. ಬೆಂಗಳೂರಿನ ಹೊರಗೆ ಆಗಿನ್ನೂ ಹಳ್ಳಿಯಾಗಿದ್ದ ಉಲ್ಲಾಳದಂಥ ಊರುಗಳಲ್ಲಿ ಹಿಂದಿ ಮನೆಮಾತೇನಲ್ಲ. ಆದರೂ ಇವುಗಳ ಶೀರ್ಷಿಕೆ ಗೀತೆಗಳು ಕಿವಿಗೆ ತೀರ ಹೊರಗಿನವೆನಿಸಲಿಲ್ಲ, ಎರಡರಲ್ಲೂ ಸಂಸ್ಕೃತವಿತ್ತು. ಆದರೆ ಒಂದು ಅಭಯ ಕೊಡುವ ಸಂಸ್ಕೃತ, ಇನ್ನೊಂದು ಪ್ರಶ್ನೆ ಕೇಳುವ ಸಂಸ್ಕೃತ. ಈ ವ್ಯತ್ಯಾಸವನ್ನು ನಮ್ಮ ಮಾಧ್ಯಮ ಚರಿತ್ರೆ ಗಂಭೀರವಾಗಿ ಗಮನಿಸಬೇಕು.

‘ಮಹಾಭಾರತ’ದ ಗೀತೆಯ ಸಾಹಿತ್ಯ ಪಂಡಿತ್ ನರೇಂದ್ರ ಶರ್ಮ ಅವರದು, ಸಂಗೀತ ರಾಜ್‌ಕಮಲ್, ದನಿ ಮಹೇಂದ್ರ ಕಪೂರ್. ಅದರೊಳಗೆ ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದ ಅವತಾರದ ಮಾತು ಸೇರಿದೆ. ಮೂಲದಲ್ಲಿ ಅದು ಬರುವುದು ಭೀಷ್ಮಪರ್ವದಲ್ಲಿ, ಯುದ್ಧಭೂಮಿಯ ನಡುವೆ. ಧಾರಾವಾಹಿಯಲ್ಲೋ ಕೃಷ್ಣ ಹುಟ್ಟುವ ಮೊದಲೇ, ಶಂತನುವಿನ ಕಥೆ ನಡೆಯುವಾಗಲೇ ಪ್ರತಿ ಭಾನುವಾರ ಕೇಳಿಸುತ್ತಿತ್ತು. ಹೀಗೆ ಕಥೆಯ ತಾತ್ಪರ್ಯ ಕಥೆಗಿಂತ ಮುಂಚೆಯೇ ಬಂದು ಕೂರುತ್ತದೆ. ಕನ್ನಡ ಕೇಳುಗರಿಗೆ ಇದು ಹೊಸದಲ್ಲ. ಕುಮಾರವ್ಯಾಸನೂ ತಾನು ಹೇಳಹೊರಟಿರುವುದು ಕೃಷ್ಣನ ಕಥೆ ಎಂದು ಪೀಠಿಕೆಯಲ್ಲೇ ಸಾರಿಬಿಟ್ಟಿದ್ದಾನೆ. ಗಮಕ ಕೇಳಿ ಬೆಳೆದವರು ಆ ಶೀರ್ಷಿಕೆ ಗೀತೆಯನ್ನು ಪೀಠಿಕೆಯಂತೆಯೇ ಸ್ವೀಕರಿಸಿರಬೇಕೆಂಬುದು ನನ್ನ ಊಹೆ.

ಈ ಎರಡು ಧಾರಾವಾಹಿಗಳಿಗೂ ಮೊದಲು, ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ಗೆ ಎಲ್. ವೈದ್ಯನಾಥನ್ ಕೊಟ್ಟದ್ದು ಪದಗಳಿಲ್ಲದ ಗುನುಗು. ಕಲ್ಪನೆಯ ಊರಿಗೆ ಉಲ್ಲೇಖಿಸಲು ಇತಿಹಾಸವೂ ಬೇಕಿರಲಿಲ್ಲ.

ಬೆನೆಗಲ್ ಮುಂದಿದ್ದ ಕೆಲಸ ಬೇರೆ. ಅಹಮದ್‌ನಗರದ ಕೋಟೆಯ ಸೆರೆಯಲ್ಲಿ ನೆಹರೂ ಬರೆದ, 1946ರಲ್ಲಿ ಪ್ರಕಟವಾದ ‘ಡಿಸ್ಕವರಿ ಆಫ್ ಇಂಡಿಯಾ’ವನ್ನು ಅವರು 53 ಕಂತುಗಳಿಗೆ ಹರಡಬೇಕಿತ್ತು. ವನರಾಜ್ ಭಾಟಿಯಾ ಶೀರ್ಷಿಕೆಗೆ ಸ್ವರ ಹಾಕಿದ್ದು ಋಗ್ವೇದದ ಹತ್ತನೆಯ ಮಂಡಲದ 129ನೆಯ ಸೂಕ್ತಕ್ಕೆ, ಅಂದರೆ ನಾಸದೀಯಕ್ಕೆ. ಸಂಸ್ಕೃತದ ಬೆನ್ನಿಗೇ ವಸಂತ ದೇವ್ ಅವರ ಹಿಂದಿ ರೂಪ ಬರುತ್ತದೆ. ಏಳು ಋಕ್ಕುಗಳ ಈ ಸೂಕ್ತ ಸೃಷ್ಟಿ ಹೇಗಾಯಿತೆಂದು ಕೇಳುತ್ತಾ ಹೋಗಿ, ಪರಮ ವ್ಯೋಮದಲ್ಲಿರುವ ಅಧ್ಯಕ್ಷನಿಗಾದರೂ ಅದು ಗೊತ್ತೋ ಇಲ್ಲವೋ ಎಂಬಲ್ಲಿಗೆ ನಿಲ್ಲುತ್ತದೆ. ಚರಿತ್ರೆಯ ಧಾರಾವಾಹಿಗೆ ಇದಕ್ಕಿಂತ ಪ್ರಾಮಾಣಿಕವಾದ ಬಾಗಿಲು ನನಗೆ ಕಾಣದು.

ಕಾಲಾನುಕ್ರಮ ಇಲ್ಲಿಯೂ ಉಳಿದಿಲ್ಲ ನಿಜ. ಹತ್ತನೆಯ ಮಂಡಲವನ್ನು ವಿದ್ವಾಂಸರು ಋಗ್ವೇದದ ಈಚಿನ ಪದರವೆಂದು ಗುರುತಿಸುತ್ತಾರೆ. ಆದರೂ ಸಿಂಧೂ ನಾಗರಿಕತೆಯ ಕಂತಿಗೂ ಮುಂಚೆ ಇದೇ ಸೂಕ್ತ. ಆದರೆ ‘ಮಹಾಭಾರತ’ದಲ್ಲಿ ಮುಂದೆ ಬಂದದ್ದು ಉತ್ತರ, ಇಲ್ಲಿ ಮುಂದೆ ಬಂದದ್ದು ಸಂಶಯ. ಕಂತಿನ ಕೊನೆಯಲ್ಲಿ ಹೆಸರುಗಳು ಸರಿಯುವಾಗ ಕೇಳಿಸುವ ಹಿರಣ್ಯಗರ್ಭ ಸೂಕ್ತದ ಪಲ್ಲವಿಯೂ ಪ್ರಶ್ನೆಯೇ: ಯಾವ ದೇವನಿಗೆ ಹವಿಸ್ಸು ಸಲ್ಲಿಸೋಣ ಎಂದು. ಅಶೋಕನ ಕಂತಿರಲಿ, ಅಕ್ಬರನದಿರಲಿ, ಸ್ವಾತಂತ್ರ್ಯ ಹೋರಾಟದ್ದಿರಲಿ, ಪ್ರತಿಯೊಂದೂ ಈ ಎರಡು ಪ್ರಶ್ನೆಗಳ ನಡುವೆಯೇ ಪ್ರಸಾರವಾಯಿತು.