ವಠಾರದ ಮನೆಯೋ, ಒಂಟಿ ಮನೆಯೋ? ಸರ್ವರ್ ಬಾಡಿಗೆಗೆ ಹಿಡಿಯುವ ಮುನ್ನ

ಬೋಡಿನಾಯಕನೂರು: ಇಲ್ಲಿನ ಏಲಕ್ಕಿ ಹರಾಜು ಕಂಪ್ಯೂಟರಿಗೆ ಬಂದದ್ದು 2007ರಲ್ಲಿ. ಬಾಯಲ್ಲಿ ಬೆಲೆ ಕೂಗುತ್ತಿದ್ದ ವರ್ತಕರು ಅಂದಿನಿಂದ ಕಂಪ್ಯೂಟರಿನ ಮುಂದೆ ಕುಳಿತು ಗುಂಡಿ ಒತ್ತತೊಡಗಿದರು. ಆದರೂ ಹರಾಜು ಕೇಂದ್ರಕ್ಕೆ ಖುದ್ದಾಗಿ ಹೋಗುವುದು ತಪ್ಪಲಿಲ್ಲ. ಗಡಿಯಾಚೆ, ಇಡುಕ್ಕಿ ಜಿಲ್ಲೆಯ ಪುಟ್ಟಡಿಯಲ್ಲೂ ಇಂಥದೇ ಕೇಂದ್ರವಿದೆ. 2020ರಲ್ಲಿ ಕೊರೊನಾ ಬಂದು ರಾಜ್ಯದ ಗಡಿ ದಾಟುವುದೇ ಕಷ್ಟವಾದಾಗ ಈ ಏರ್ಪಾಡಿನ ತೊಡಕು ಎಲ್ಲರಿಗೂ ಅರ್ಥವಾಯಿತು. 2021ರಲ್ಲಿ ಸಾಂಬಾರ ಮಂಡಳಿಯು ಕ್ಲೌಡ್ ಆಧಾರಿತ ಹರಾಜು ಆರಂಭಿಸಿ ಎರಡೂ ಕೇಂದ್ರಗಳನ್ನು ಜೋಡಿಸಿತು. ಬೋಡಿಯಲ್ಲಿ ಕುಳಿತವರೂ ಪುಟ್ಟಡಿಯಲ್ಲಿ ಕುಳಿತವರೂ ಒಂದೇ ಹರಾಜಿನಲ್ಲಿ ಬೆಲೆ ಹೇಳುವಂತಾಯಿತು.

ಕ್ಲೌಡ್ ಎಂದರೆ ಆಕಾಶದಲ್ಲಿರುವುದೇನಲ್ಲ. ಎಲ್ಲೋ ಒಂದು ಊರಿನ ಡೇಟಾ ಸೆಂಟರಿನಲ್ಲಿ ಸಾಲಾಗಿ ನಿಲ್ಲಿಸಿದ ದೊಡ್ಡ ಯಂತ್ರಗಳಲ್ಲಿ ಒಂದು ಪಾಲು, ಅಷ್ಟೇ. ಇಂದು ಕಂಬಂ ಕಣಿವೆಯ ಬೆಳೆಗಾರರ ಸಂಘವೋ, ಚಿನ್ನಾಳಪಟ್ಟಿಯ ನೇಕಾರರ ಸಂಘವೋ ಬೆಲೆಪಟ್ಟಿ, ಸದಸ್ಯರ ಲೆಕ್ಕಗಳನ್ನು ಅಂತರ್ಜಾಲಕ್ಕೆ ಹಾಕಲು ಹೊರಟರೆ ಎದುರಾಗುವ ಪ್ರಶ್ನೆಯೂ ಇದೇ: ವರ್ಚುವಲ್ ಸರ್ವರ್ ಸಾಕೇ, ಡೆಡಿಕೇಟೆಡ್ ಬೇಕೇ?

ವ್ಯತ್ಯಾಸ ಏನು?

ಡೆಡಿಕೇಟೆಡ್ ಸರ್ವರ್ ಒಂಟಿ ಮನೆಯಿದ್ದಂತೆ. ಇಡೀ ಯಂತ್ರ ಒಬ್ಬ ಬಾಡಿಗೆದಾರನದು. ವರ್ಚುವಲ್ ಸರ್ವರ್ ವಠಾರದ ಮನೆ. ಒಂದೇ ಯಂತ್ರವನ್ನು ಹೈಪರ್‌ವೈಸರ್ ಎಂಬ ತಂತ್ರಾಂಶ ಹಲವು ಪಾಲು ಮಾಡುತ್ತದೆ. ಪ್ರತಿ ಪಾಲಿಗೂ ಅದರದೇ ಬಾಗಿಲು, ಬೀಗ, ಆಪರೇಟಿಂಗ್ ಸಿಸ್ಟಮ್. ಬಾವಿ ಮಾತ್ರ ಎಲ್ಲರಿಗೂ ಒಂದೇ. ಈ ವಿದ್ಯೆ ಹೊಸದಲ್ಲ. ಐಬಿಎಂ ಕಂಪೆನಿ ತನ್ನ ದೊಡ್ಡ ಯಂತ್ರಗಳಿಗೆ 1972ರಲ್ಲೇ ಇದನ್ನು ಮಾರುಕಟ್ಟೆಗೆ ತಂದಿತ್ತು. ಅಮೆಜಾನ್ 2006ರಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಆರಂಭಿಸಿತು. 2007ರಲ್ಲಿ ಲಿನಕ್ಸ್‌ನೊಳಗೇ ಕೆವಿಎಂ ಸೇರಿಕೊಂಡ ಮೇಲೆ ಸಣ್ಣ ಕಂಪೆನಿಗಳೂ ಇದನ್ನು ಸುಲಭವಾಗಿ ಒದಗಿಸುವಂತಾಯಿತು.

ಎಷ್ಟು ಬಲ ಬೇಕು?

ಎರಡು ಭಾಷೆಯ ತಾಣವೆಂದ ಮಾತ್ರಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಯುಟಿಎಫ್-8ರಲ್ಲಿ ಕನ್ನಡದ್ದಾಗಲಿ ತಮಿಳಿನದ್ದಾಗಲಿ ಒಂದೊಂದು ಚಿಹ್ನೆಗೆ 3 ಬೈಟ್ ಸಾಕು. ಸಾವಿರ ಚಿಹ್ನೆಯ ಬರಹ 3 ಕಿಲೋಬೈಟ್. ಮೊಬೈಲಿನಲ್ಲಿ ತೆಗೆದ 3 ಮೆಗಾಬೈಟಿನ ಒಂದೇ ಚಿತ್ರ ಅಂಥ ಸಾವಿರ ಬರಹಕ್ಕೆ ಸಮ. ಮೊದಲು ಚಿತ್ರಗಳನ್ನು ಕುಗ್ಗಿಸಬೇಕು.

ಒಂದು ಸರಳ ಲೆಕ್ಕ ನೋಡಿ. 2 ಜಿಬಿ ಮೆಮೊರಿಯ ವರ್ಚುವಲ್ ಸರ್ವರಿನಲ್ಲಿ ಅರ್ಧ ಭಾಗ ಆಪರೇಟಿಂಗ್ ಸಿಸ್ಟಮ್ ಮತ್ತು ಡೇಟಾಬೇಸಿಗೆ ಹೋಯಿತೆನ್ನಿ. ಪುಟ ಸಿದ್ಧಪಡಿಸುವ ಪ್ರತಿ ಕೆಲಸಕ್ಕೆ 50 ಎಂಬಿ ಬೇಕಾದರೆ ಉಳಿದ 1 ಜಿಬಿಯಲ್ಲಿ ಏಕಕಾಲಕ್ಕೆ 20 ಕೆಲಸ ನಡೆಯುತ್ತದೆ. ಒಂದಕ್ಕೆ ಅರ್ಧ ಸೆಕೆಂಡ್ ಹಿಡಿದರೂ ಸೆಕೆಂಡಿಗೆ 40 ಪುಟ, ನಿಮಿಷಕ್ಕೆ 2,400. ಪ್ರೊಸೆಸರ್ ನಿಧಾನವಾದರೆ ಇದು ಇಳಿಯುತ್ತದೆ ನಿಜ. ಆದರೂ ಒಂದು ಸಂಘದ ತಾಣಕ್ಕೆ ಧಾರಾಳವಾಯಿತು. ಸಾಲದೆ ಬಂದರೆ ವರ್ಚುವಲ್ ಸರ್ವರನ್ನು ಒಮ್ಮೆ ನಿಲ್ಲಿಸಿ ಮತ್ತೆ ಚಾಲೂ ಮಾಡುವಷ್ಟರಲ್ಲಿ ಮೆಮೊರಿ ಹೆಚ್ಚಿಸಬಹುದು. ಡೆಡಿಕೇಟೆಡ್ ಆದರೆ ಯಾರಾದರೂ ಪೆಟ್ಟಿಗೆ ಬಿಚ್ಚಬೇಕು.

ನೆರೆಮನೆಯ ಕಾಟ

ವಠಾರದಲ್ಲಿ ಪಕ್ಕದವರು ನೀರೆಲ್ಲ ಸೇದಿದರೆ ನಮ್ಮ ಕೊಡ ತುಂಬದು. ವರ್ಚುವಲ್ ಸರ್ವರಿನಲ್ಲೂ ಹಾಗೆಯೇ. ಲಿನಕ್ಸ್‌ನಲ್ಲಿ ‘ಟಾಪ್’ ಆಜ್ಞೆ ಕೊಟ್ಟರೆ ‘ಎಸ್‌ಟಿ’ ಎಂಬ ಅಂಕಿ ಕಾಣುತ್ತದೆ. ನಮಗೆ ಸಿಗಬೇಕಾದ ಪ್ರೊಸೆಸರ್ ಸಮಯದಲ್ಲಿ ಎಷ್ಟು ಪಾಲು ಬೇರೆಯವರಿಗೆ ಹೋಯಿತೆಂಬುದನ್ನು ಅದು ತೋರಿಸುತ್ತದೆ. ಅದು ಸೊನ್ನೆಯ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ದಿನವೂ ಏರಿಯೇ ಇದ್ದರೆ ಕಂಪೆನಿ ಬದಲಿಸುವುದು ಒಳ್ಳೆಯದು.

ಡೆಡಿಕೇಟೆಡ್ ಬೇಕಾಗುವುದು ಹಗಲೂ ರಾತ್ರಿ ಭಾರೀ ಕೆಲಸವಿದ್ದಾಗ, ಡೇಟಾಬೇಸ್ ಬಹಳ ದೊಡ್ಡದಾದಾಗ, ವಿಡಿಯೋ ಪರಿವರ್ತನೆ ನಡೆಸುವಾಗ, ಇಲ್ಲವೇ ಯಂತ್ರವನ್ನು ಬೇರೆಯವರೊಡನೆ ಹಂಚಿಕೊಳ್ಳಬಾರದೆಂಬ ನಿಯಮವಿದ್ದಾಗ. ಮನೆ ಇಡಿಯಾಗಿ ನಮ್ಮದಾದರೆ ಅದರ ರಿಪೇರಿಯ ತಲೆನೋವೂ ನಮ್ಮದೇ. ಡಿಸ್ಕ್ ಕೆಟ್ಟಾಗ ಕಂಪೆನಿ ಹೊಸದು ಹಾಕೀತು. ಒಳಗಿದ್ದ ಲೆಕ್ಕವನ್ನು ತಂದುಕೊಡದು.

ಬೆಂಕಿ ಕಲಿಸಿದ ಪಾಠ

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪೆನಿಯ ಡೇಟಾ ಸೆಂಟರ್ ಕಟ್ಟಡವೊಂದು ಸುಟ್ಟುಹೋಯಿತು. ವರ್ಚುವಲ್ ಹಿಡಿದವರೂ ಡೆಡಿಕೇಟೆಡ್ ಹಿಡಿದವರೂ ನಷ್ಟ ಅನುಭವಿಸಿದರು. ಪ್ರತಿಯನ್ನು ಬೇರೆ ಕಡೆ ಇಟ್ಟುಕೊಂಡಿದ್ದವರು ಚೇತರಿಸಿಕೊಂಡರು. ಅದೇ ಜಾಗದಲ್ಲಿ ಪ್ರತಿ ಇಟ್ಟಿದ್ದ ಕೆಲವರ ಪ್ರತಿಯೂ ಹೋಯಿತು. ಆದ್ದರಿಂದಲೇ ತಿಳಿದವರು ಹೇಳುವುದು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ.

ಹಣ ಕಟ್ಟುವ ಮುನ್ನ ಕೇಳಬೇಕಾದ್ದು

* ಸರ್ವರ್ ಯಾವ ಊರಿನಲ್ಲಿದೆ? ಚೆನ್ನೈ, ಮುಂಬಯಿಯಾದರೆ ಉತ್ತರ ಬೇಗ ಬರುತ್ತದೆ. ಅಮೆರಿಕವಾದರೆ ಒಂದು ಸಲ ಹೋಗಿಬರಲು ಸುಮಾರು ಕಾಲು ಸೆಕೆಂಡ್ ಬೇಕು.
* ತಂತ್ರಾಂಶದ ನವೀಕರಣ ಯಾರ ಹೊಣೆ? ‘ಅನ್‌ಮ್ಯಾನೇಜ್ಡ್’ ಎಂದಿದ್ದರೆ ಎಲ್ಲವೂ ಗಿರಾಕಿಯದೇ.
* ದಿನವೂ ಪ್ರತಿ ತೆಗೆಯುತ್ತಾರೆಯೇ? ಅದನ್ನು ಎಲ್ಲಿ ಇಡುತ್ತಾರೆ? ಮರಳಿ ಹಾಕಿ ಪರೀಕ್ಷಿಸಿದ್ದುಂಟೇ?
* ಡೊಮೈನ್ ಹೆಸರು, ಪಾಸ್‌ವರ್ಡ್ ಸಂಘದ ಹೆಸರಿನಲ್ಲಿವೆಯೇ, ತಾಣ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿವೆಯೇ?

ಕೊನೆಯದು ಚಿಕ್ಕ ಪ್ರಶ್ನೆಯಂತೆ ಕಾಣಬಹುದು. ಆದರೆ ಆ ಹುಡುಗ ಕೆಲಸಕ್ಕೆಂದು ಬೆಂಗಳೂರಿಗೋ ತಿರುಪ್ಪೂರಿಗೋ ಹೋದ ದಿನ ಬೀಗದ ಕೈಯೂ ಅವನೊಂದಿಗೇ ಹೋಗುತ್ತದೆ. ಸಣ್ಣ ಸಂಘಗಳು ವರ್ಚುವಲ್ ಸರ್ವರಿನಿಂದ ಆರಂಭಿಸುವುದೇ ಲೇಸು. ಉಳಿದ ಹಣವನ್ನು ಬೇರೆ ಊರಿನಲ್ಲಿಡುವ ಪ್ರತಿಗೆ, ತಿಂಗಳಿಗೊಮ್ಮೆ ಅದನ್ನು ಪರೀಕ್ಷಿಸುವವರಿಗೆ ಕೊಡಲಿ. ವಠಾರವಾಗಲಿ ಒಂಟಿ ಮನೆಯಾಗಲಿ, ಬೀಗದ ಕೈ ಸಂಘದ ಕೈಯಲ್ಲಿರಬೇಕು.